ಖಾತೆ ಮಂತ್ರಿಯದು, ಹಣದ ಪೆಟ್ಟಿಗೆ ಇನ್ನೊಬ್ಬರದು

ಕೇಳುಗರಿಗೆ ನಮಸ್ಕಾರ. ಜವಾಬ್ದಾರಿ ಸರ್ಕಾರವನ್ನು, ಅಂದರೆ ಶಾಸನಸಭೆಗೆ ಉತ್ತರ ಕೊಡುವ ಸರ್ಕಾರವನ್ನು, ಗುರುತಿಸಲು ಎರಡು ಪ್ರಶ್ನೆ ಕೇಳಬೇಕು. ಮಂತ್ರಿಯನ್ನು ಇಳಿಸುವವರು ಯಾರು? ಹಣಕ್ಕೆ ಕೊನೆಯ ಮಾತು ಯಾರದು? 1920ರ ಮದ್ರಾಸ್ ಶಾಸನ ಪರಿಷತ್ತಿಗೆ ಈ ಪ್ರಶ್ನೆಗಳನ್ನು ಹಾಕೋಣ. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು.

ಬ್ರಿಟಿಷರ 1892ರ ಕಾಯ್ದೆ ಪರಿಷತ್ತಿನ ಸದಸ್ಯರಿಗೆ ಬಜೆಟ್ ಮೇಲೆ ಮಾತಾಡಲು ಬಿಟ್ಟಿತು, ಮತ ಹಾಕಲು ಬಿಡಲಿಲ್ಲ. 1909ರಲ್ಲಿ ಗೊತ್ತುವಳಿ ಮಂಡಿಸುವ ಹಕ್ಕು ಬಂತು; ಆದರೆ ಅಂಗೀಕಾರವಾದ ಗೊತ್ತುವಳಿಯನ್ನೂ ಸರ್ಕಾರ ಬದಿಗಿಡಬಹುದಿತ್ತು. 1919ರ ಕಾಯ್ದೆಯೋ ಆಡಳಿತವನ್ನೇ ಎರಡಾಗಿ ಸೀಳಿತು. ಪೊಲೀಸ್, ಭೂಕಂದಾಯ, ನೀರಾವರಿ, ಹಣಕಾಸು ಮೀಸಲು ವಿಷಯಗಳಾಗಿ ಗವರ್ನರ್ ಮತ್ತವರ ಕಾರ್ಯಾಂಗ ಸಭೆಯ ನಾಲ್ವರ ಕೈಯಲ್ಲಿ ಉಳಿದವು. ಶಿಕ್ಷಣ, ಆರೋಗ್ಯ, ಕೃಷಿ, ಸ್ಥಳೀಯ ಸಂಸ್ಥೆಗಳು ಮೂವರು ಮಂತ್ರಿಗಳಿಗೆ ಬಂದವು. ಇದೇ ದ್ವಿಸರ್ಕಾರ. ಪರಿಷತ್ತಿನ 132 ಸದಸ್ಯರಲ್ಲಿ 98 ಮಂದಿ ಚುನಾಯಿತರು.

ತೊಡಕು ಬಜೆಟ್ಟಿನಲ್ಲೇ ಇತ್ತು. ಮೀಸಲು ಇಲಾಖೆಯ ಬೇಡಿಕೆಯನ್ನು ಪರಿಷತ್ತು ತಿರಸ್ಕರಿಸಿತೆನ್ನಿ; ತನ್ನ ಹೊಣೆ ನಿರ್ವಹಿಸಲು ಆ ವೆಚ್ಚ ಅಗತ್ಯವೆಂದು ಗವರ್ನರ್ ಪ್ರಮಾಣೀಕರಿಸಿದರೆ ಮುಗಿಯಿತು, ಹಣ ಹೊರಡುತ್ತಿತ್ತು. ಬೊಕ್ಕಸ ಒಂದೇ, ಅದನ್ನು ಕಾಯುವ ಹಣಕಾಸು ಸದಸ್ಯ ಮೀಸಲು ಬಣದವರು. ಶಾಲೆ ತೆರೆಯಲು ಹೊರಟ ಮಂತ್ರಿ ಅವರ ಮುಂದೆ ಹೋಗಿ ನಿಲ್ಲಬೇಕಿತ್ತು.

ಅಂದಿನ ಅಭಿವೃದ್ಧಿ ಮಂತ್ರಿ ಕೂರ್ಮಾ ವೆಂಕಟರೆಡ್ಡಿ ನಾಯ್ಡು ಅವರ ಅಳಲನ್ನು ಇಲ್ಲಿ ನೆನೆಯಲೇಬೇಕು. ಅಭಿವೃದ್ಧಿ ಅವರದು, ಅರಣ್ಯ ಅವರದಲ್ಲ. ಕೃಷಿ ಅವರದು, ನೀರಾವರಿ ಬೇರೆಯವರದು. ಕೈಗಾರಿಕೆ ಅವರದು, ಕಾರ್ಖಾನೆ ಮೀಸಲು ವಿಷಯ. ನೀರಿಲ್ಲದ ಬೇಸಾಯಕ್ಕೆ ಮಂತ್ರಿ ಏನು ಉತ್ತರ ಕೊಟ್ಟಾನು? ಇಷ್ಟಾದರೂ ರೈತನ ಪರವಾಗಿ ಸದಸ್ಯರು ಎದ್ದು ಕೇಳುತ್ತಿದ್ದುದು ಅವರನ್ನೇ. ಇದು ಬರಿಯ ಅನನುಕೂಲವಲ್ಲ, ಅನ್ಯಾಯ.

ಮಂತ್ರಿಯನ್ನು ಇಳಿಸುವ ಪ್ರಶ್ನೆಯೂ ಸ್ವಚ್ಛವಾಗಿರಲಿಲ್ಲ. 1923ರ ನವೆಂಬರಿನಲ್ಲಿ, ಮದ್ರಾಸಿನ ಮಂತ್ರಿಗಳ ಮುಖ್ಯಸ್ಥರಾಗಿದ್ದ ಪಾನಗಲ್ ರಾಜರ ಮಂತ್ರಿಮಂಡಲದ ಮೇಲೆ ಬಂದ ಅವಿಶ್ವಾಸ ಗೊತ್ತುವಳಿ 44ಕ್ಕೆ 65 ಮತಗಳಿಂದ ಬಿತ್ತು. ಜನ ಆರಿಸದ ನಾಮಕರಣ ಸದಸ್ಯರಿಗೂ ಅಲ್ಲಿ ಮತವಿತ್ತು. ಮಧ್ಯಪ್ರಾಂತ್ಯದಲ್ಲಿ, ಪರಿಷತ್ತಿನ ಒಳಗಿದ್ದೇ ಸರ್ಕಾರವನ್ನು ತಡೆಯಹೊರಟ ಸ್ವರಾಜ್ಯ ಪಕ್ಷ ಬೇರೆ ದಾರಿ ಹಿಡಿಯಿತು: 1924ರಲ್ಲಿ ಮಂತ್ರಿಗಳ ಸಂಬಳವನ್ನು ವರ್ಷಕ್ಕೆ 2 ರೂಪಾಯಿಗೆ ಇಳಿಸಿತು. ಮಂತ್ರಿಗಳು ಹೊರನಡೆದರು, ಅವರ ಖಾತೆಗಳು ಗವರ್ನರ್ ಕೈಗೆ ಮರಳಿದವು.

1935ರ ಕಾಯ್ದೆ ಜಾರಿಯಾಗಿ, 1937ರ ಏಪ್ರಿಲ್ 1ರಿಂದ ಪ್ರಾಂತ್ಯಗಳಲ್ಲಿ ದ್ವಿಸರ್ಕಾರ ಕೊನೆಗೊಂಡಿತು. ಹಣಕಾಸೂ ಪೊಲೀಸೂ ಮಂತ್ರಿಗಳಿಗೆ ಬಂದವು. ಬೊಂಬಾಯಿಯಲ್ಲಿ ಹಣಕಾಸು ಮಂತ್ರಿಯಾದವರು ಬೆಳಗಾವಿಯ ಅಣ್ಣಾಸಾಹೇಬ ಲಠ್ಠೆ. ಆದರೆ ಮಂತ್ರಿಗಳ ಸಲಹೆ ಮೀರಿ ನಡೆಯಬಹುದಾದ ಗವರ್ನರರ ‘ವಿಶೇಷ ಹೊಣೆ’ಗಳು ಉಳಿದವು, ಇಡೀ ಆಡಳಿತವನ್ನೇ ಅವರು ಕೈಗೆತ್ತಿಕೊಳ್ಳಲು ಆ ಕಾಯ್ದೆಯ 93ನೇ ಕಲಮೂ ಇತ್ತು. 1939ರಲ್ಲಿ ಭಾರತೀಯರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕಿಳಿಸಿದಾಗ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮದ್ರಾಸಿನಲ್ಲಿ ಆ ಕಲಮಿನ ಆಡಳಿತ 1946ರವರೆಗೆ ನಡೆಯಿತು.