ಸರೋವರ ಕೆಂಪಾಗಿದ್ದು ರಾಣಿಯ ರಕ್ತಕ್ಕೋ, ಹಸುವಿನ ಸಗಣಿಗೋ?

[ದೃಶ್ಯ: ಬೆಟ್ಟಗಳ ನಡುವೆ ತಿಳಿನೀಲಿ ನೀರು]

ನಮಸ್ಕಾರ. ಇದು ಉತ್ತರ ಇಟಲಿಯ ಟೊವೆಲ್ ಸರೋವರ. ಟ್ರೆಂಟಿನೊ ಪ್ರಾಂತ್ಯದ ಬ್ರೆಂಟಾ ಬೆಟ್ಟಗಳಲ್ಲಿ, 1,178 ಮೀಟರ್ ಎತ್ತರದಲ್ಲಿದೆ. ನೀರು ಇಷ್ಟು ನೀಲಿ, ಆದರೆ ಇದಕ್ಕೆ ಇನ್ನೊಂದು ಹೆಸರು 'ಕೆಂಪು ಸರೋವರ'!

ಹೆಸರು ಸುಮ್ನೆ ಬಂದಿದ್ದಲ್ಲ. 1964ರವರೆಗೂ ಬೇಸಿಗೆಯಲ್ಲಿ ಇದರ ನೈಋತ್ಯದ ಮೂಲೆ ಕೆಂಪಾಗುತ್ತಿತ್ತು. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಕದಡುತ್ತಾರಲ್ಲ, ಹೆಚ್ಚುಕಮ್ಮಿ ಆ ಥರ.

[ದೃಶ್ಯ: ರಾಣಿಯ ಚಿತ್ರ]

ಅಲ್ಲಿಯ ಜನ ಹೇಳುವ ಕಥೆ ಕೇಳಿ. ರಾಗೊಲಿ ಅನ್ನುವ ಊರಿಗೆ ಟ್ರೆಸೆಂಗಾ ರಾಣಿ. ಟುವೆನ್ನೊದ ರಾಜ ಲಾವಿಂಟೊಗೆ ಅವಳನ್ನು ಮದುವೆಯಾಗುವ ಆಸೆ. ಆಸೆ ಅವಳ ಮೇಲಿತ್ತೋ, ಅವಳ ರಾಜ್ಯದ ಮೇಲಿತ್ತೋ, ನೀವೇ ಊಹಿಸಿ. ರಾಣಿ ಒಪ್ಪಲಿಲ್ಲ. ತಾನು ಒಪ್ಪಿದರೆ ತನ್ನ ಜನ ಇನ್ನೊಬ್ಬನ ಕೈಕೆಳಗೆ ಹೋಗುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಅವನು ದಂಡು ಕಟ್ಟಿಕೊಂಡು ಬಂದ. ಇವಳು ತನ್ನವರನ್ನು ಕರೆದುಕೊಂಡು ಎದುರು ನಿಂತಳು. ಸರೋವರದ ದಡದಲ್ಲೇ ಹೊಡೆದಾಟ. ಜನರೂ ಸತ್ತರು, ರಾಣಿಯೂ ಸತ್ತಳು. ರಕ್ತವೆಲ್ಲ ನೀರಿಗೆ ಇಳಿಯಿತು. ನೀರು ಕೆಂಪಾಗುವುದು ಅದಕ್ಕೇ ಅಂತೆ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಕೆಂಪು ಚುಕ್ಕೆಗಳು]

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಒಂದು ಪಾಚಿ. ಹೆಸರು ಟೊವೆಲ್ಲಿಯಾ ಸ್ಯಾಂಗ್ವಿನಿಯಾ. ಮೊದಲ ಪದ ಟೊವೆಲ್‌ನಿಂದ ಬಂದದ್ದು. ಎರಡನೆಯದಕ್ಕೆ ಲ್ಯಾಟಿನ್‌ನಲ್ಲಿ 'ರಕ್ತದ ಬಣ್ಣದ್ದು' ಅಂತ ಅರ್ಥ. ವಿಜ್ಞಾನಿಗಳೂ ರಕ್ತವನ್ನು ಬಿಡಲಿಲ್ಲ ನೋಡಿ! ಈ ಪಾಚಿಯ ಮೈಯಲ್ಲಿ ಕ್ಯಾರೊಟಿನಾಯ್ಡ್ ಬಣ್ಣ ಇರುತ್ತದೆ. ಕ್ಯಾರೆಟ್ಟಿಗೆ ಬಣ್ಣ ಕೊಡುವುದೂ ಇದೇ ಗುಂಪಿನದ್ದು. ಪಾಚಿ ಲೆಕ್ಕವಿಲ್ಲದಷ್ಟು ಬೆಳೆದು, ಗಾಳಿ ಅದನ್ನು ಒಂದು ಮೂಲೆಗೆ ತಳ್ಳಿದರೆ ನೀರೇ ಕೆಂಪು.

ಹಾಗಾದರೆ 1964ರ ನಂತರ ಏನಾಯಿತು? ನನಗೆ ರಾಣಿಯ ಕಥೆಗಿಂತ ಇದೇ ಜಾಸ್ತಿ ಇಷ್ಟ. ಮೊದಲೆಲ್ಲ ಬೇಸಿಗೆ ಬಂದರೆ ದನಗಳನ್ನು ಸರೋವರದ ಸುತ್ತಲಿನ ಹುಲ್ಲುಗಾವಲಿಗೆ ಮೇಯಲು ಹೊಡೆಯುತ್ತಿದ್ದರು. ಸಗಣಿ, ಗಂಜಲ ಮಳೆಯಲ್ಲಿ ಕೊಚ್ಚಿಕೊಂಡು ನೀರು ಸೇರುತ್ತಿತ್ತು. ಅದರಲ್ಲಿದ್ದ ಸಾರಜನಕ, ರಂಜಕ ಪಾಚಿಗೆ ಒಳ್ಳೆಯ ಗೊಬ್ಬರ. ಆಮೇಲೆ ದನ ಮೇಯಿಸುವ ರೀತಿ ಬದಲಾಯಿತು. ಗೊಬ್ಬರ ಕಡಿಮೆಯಾಯಿತು. ಕೆಂಪು ನಿಂತುಹೋಗಲು ಸಂಶೋಧಕರು ಹೇಳುವ ಮುಖ್ಯ ಕಾರಣ ಇದು. ರಾಣಿಯ ರಕ್ತ ಅಂದುಕೊಂಡಿದ್ದಕ್ಕೆ ಕಾರಣ ಕೊಟ್ಟಿಗೆಯ ಕಡೆಯಿಂದ ಬಂದಿತ್ತು!

[ದೃಶ್ಯ: ನೈಋತ್ಯದ ಮೂಲೆ, ಇವತ್ತು]

ಪಾಚಿ ಈಗಲೂ ನೀರಿನಲ್ಲಿದೆ, ಕಣ್ಣಿಗೆ ಕಾಣುವಷ್ಟು ಬೆಳೆಯುವುದಿಲ್ಲ ಅಷ್ಟೇ. ಈ ಮೂಲೆಯನ್ನು ಇಂದಿಗೂ 'ಕೆಂಪು ಕೊಲ್ಲಿ' ಅಂತಲೇ ಕರೆಯುತ್ತಾರೆ. ಹೋದವರಿಗೆ ಕಾಣುವುದು ಮಾತ್ರ ನೀಲಿ.