ಅಟ್ಟದ ಮುಡಿ, ಅಂಗಳದ ಬೆಕ್ಕು

ಕೇಳುಗರಿಗೆ ನಮಸ್ಕಾರ.

ಉಡುಪಿ ಹತ್ತಿರದ ನಮ್ಮ ಅಜ್ಜಿ ಮನೆಯ ಅಟ್ಟದಲ್ಲಿ ಅಕ್ಕಿ ಮುಡಿಗಳಿದ್ದವು. ಬೈಹುಲ್ಲು ಸುತ್ತಿ, ಹಗ್ಗ ಬಿಗಿದು, ದುಂಡಗೆ ಕಟ್ಟಿದ ಮುಡಿ. ಮಳೆಗಾಲಕ್ಕೆಲ್ಲ ಅದೇ ಆಧಾರ. ಒಂದು ಇಲಿ ಹೊಕ್ಕರೆ ಸಾಕು, ಹುಲ್ಲು ಹರಿದು ಅಕ್ಕಿ ಸುರಿಯುತ್ತಿತ್ತು. ಅದಕ್ಕೇ ಅಟ್ಟದ ಏಣಿಯನ್ನು ಅಜ್ಜಿ ಯಾವತ್ತೂ ತೆಗೆಯುತ್ತಿರಲಿಲ್ಲ. ರಾತ್ರಿ ಪುಚ್ಚೆ ಹತ್ತಬೇಕಲ್ಲ! ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುತ್ತೇವೆ.

ಬೆಕ್ಕು ಮನುಷ್ಯರ ಹತ್ತಿರ ಬಂದದ್ದೂ ಇಂಥ ಕಾಳಿನ ರಾಶಿಯಿಂದಲೇ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನ ಗೋಧಿ, ಜವೆ ಬೆಳೆದು ಕೂಡಿಡಲು ಶುರು ಮಾಡಿದರು. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಹಸು, ಕುರಿಗಳ ಹಾಗೆ ಅದನ್ನು ಯಾರೂ ಹಿಡಿದು ಕಟ್ಟಲಿಲ್ಲ, ತಾನಾಗಿಯೇ ಬಂದು ಉಳಿಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಎಲುಬುಗಳ ಪಕ್ಕದಲ್ಲೇ, ಒಂದು ಮೊಳದಷ್ಟು ದೂರದಲ್ಲಿ, ಒಂದು ಬೆಕ್ಕನ್ನೂ ಮಲಗಿಸಿದ್ದಾರೆ. ಆ ದ್ವೀಪದಲ್ಲಿ ಮೊದಲು ಬೆಕ್ಕುಗಳೇ ಇರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿದ್ದಾರೆ. ಇದನ್ನು ಓದಿದ ದಿನ ನನಗೆ ಅಜ್ಜಿಯ ಏಣಿ ನೆನಪಾಯಿತು.

ಇಷ್ಟು ಕಾಲ ನಮ್ಮ ಜೊತೆಗಿದ್ದರೂ ಬೆಕ್ಕಿನ ಮೈ ಬೇಟೆಗಾರನದೇ. ಅದರ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದು. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಅಂಶ ಅದಕ್ಕೆ ಬೇಕೇ ಬೇಕು. ಅದು ಸಿಗದಿದ್ದರೆ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ನಮ್ಮಲ್ಲಿ ಮೀನು ಮಾಡದ ಮನೆಗಳೂ ಇವೆ ಅಲ್ವಾ? ಅಲ್ಲಿ ಪ್ರೀತಿಯಿಂದ ದಿನಾ ಮೊಸರನ್ನ ಹಾಕುತ್ತಾರೆ. ಹೊಟ್ಟೆ ತುಂಬುತ್ತದೆ, ಆದರೆ ಅದು ಸಾಲದು. ಅಂಥವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡುವುದು ಒಳ್ಳೆಯದು. ಮೀನಿನ ಮನೆಯವರಿಗೂ ಒಂದು ಮಾತು: ಹಸಿ ಬೂತಾಯಿಯನ್ನೇ ದಿನಾ ಹಾಕಬೇಡಿ. ಹಸಿ ಬೂತಾಯಿ ಬೆಕ್ಕಿನ ಮೈಯ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಇಲ್ಲದೆ ಕೊಡಿ. ನಡುನಡುವೆ ಕೋಳಿ, ಮೊಟ್ಟೆ ಇರಲಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದು, ಭೇದಿ ಆಗುತ್ತದೆ. ನೀರು ಮಾತ್ರ ಯಾವಾಗಲೂ ಇರಬೇಕು.

ಮೈ ಬಿಸಿಯಾಗಿದೆ ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಮರಿಗಳ ವಿಷಯ. ಮನೆಯಲ್ಲಿ ಮರಿ ಜಾಸ್ತಿಯಾದರೆ ಗೋಣಿಯಲ್ಲಿ ತುಂಬಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವವರಿದ್ದಾರೆ. "ಅಲ್ಲಿ ಮೀನು ಸಿಗ್ತದೆ, ಬದುಕಿಕೊಳ್ತವೆ" ಅನ್ನುತ್ತಾರೆ. ಬದುಕುವುದಿಲ್ಲ. ಎಂಟು ವಾರವಾದರೂ ತಾಯಿಯ ಹತ್ತಿರ ಇರಬೇಕಾದ ಮರಿ ಅದು. ಮಾರ್ಕೆಟ್ಟಿನಲ್ಲಿ ನಾಯಿಗಳಿವೆ, ಲಾರಿಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಮೀನೂ ಕಡಿಮೆ. ಆ ಎರಡು ತಿಂಗಳ ಜಡಿಮಳೆಯಲ್ಲಿ ಅಂಗಡಿ ಮೆಟ್ಟಿಲ ಕೆಳಗೆ ಮುದುಡಿ ಕೂತ ಮರಿಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿ ಸುಮ್ನೆ ಬರಲು ಆಗುವುದಿಲ್ಲ.

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬ ಆಗಬಲ್ಲದು. ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ಆ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗುವುದೂ ಉಂಟು. ಅದಕ್ಕೆ ಸಂತಾನಹರಣದ ಆಪರೇಷನ್ ಮಾಡಿಸಿ. "ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಪಾಪ" ಎಂದು ನಮ್ಮ ಮನೆಯಲ್ಲೂ ಹೇಳಿದರು. ಮರಿ ಹಾಕಿದರೆ ಬೆಕ್ಕಿನ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಗಂಡು ಬೆಕ್ಕಿಗೆ ಮಾಡಿಸಿದರೆ ಜಗಳ, ಗಾಯ, ಗೋಡೆಗೆ ಮೂತ್ರ ಹಾರಿಸುವುದು ಕಡಿಮೆಯಾಗುತ್ತದೆ. ಪಶುವೈದ್ಯರ ಹತ್ತಿರ ಹೋದಾಗ ರೇಬೀಸ್ ಲಸಿಕೆ, ಜೊತೆಗೆ ಮರಿಗಳನ್ನು ಒಂದೆರಡು ದಿನದಲ್ಲೇ ಕೊಲ್ಲುವ ವಾಂತಿಭೇದಿಯ ರೋಗಕ್ಕೂ ಲಸಿಕೆ ಹಾಕಿಸಿ.

ನಮ್ಮ ಮೂರು ಬಣ್ಣದ ಬೆಕ್ಕು ನಾಲ್ಕು ಮರಿ ಹಾಕಿತ್ತು. ಮೂರಕ್ಕೆ ಮನೆ ಹುಡುಕಿದೆವು, ಒಂದು ನಮ್ಮಲ್ಲೇ ಇದೆ. ಎರಡಕ್ಕೂ ಆಪರೇಷನ್ ಆಗಿದೆ. ಮಳೆ ಹಿಡಿದರೆ ತಾಯಿ ಬಚ್ಚಲ ಒಲೆಯ ಬೆಚ್ಚಗಿನ ಬೂದಿಯಲ್ಲಿ ಮಲಗುತ್ತದೆ, ಮಗಳು ಪಕ್ಕದ ಮನೆಯ ಕಾರಿನ ಇಂಜಿನ್ ಹತ್ತಿರ. ನಿಮ್ಮಲ್ಲೂ ಹೀಗೇ ಇರಬಹುದು. ಒಲೆಗೆ ಬೆಂಕಿ ಹಾಕುವ ಮೊದಲು ಒಮ್ಮೆ ಬಗ್ಗಿ ನೋಡಿ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ, ಸ್ವಲ್ಪ ಕಾಯಿರಿ. ಅದು ಇಳಿದು ಹೋಗಲಿ.

ನಮಸ್ಕಾರ.