ಪೇಷೆಂಟ್ ಯಾರು?

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನ ಅಂತ ನನ್ನನ್ನು ಇಲ್ಲಿ ರಾಯಚೂರಿಗೆ ಕರೆಸಿ ಮೈಕ್ ಮುಂದೆ ನಿಲ್ಲಿಸಿದ್ದಾರೆ. ನಾನು ಡಾಕ್ಟರ್ ಅಲ್ಲ. ಸಿಂಧನೂರು ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದ ಮೇಷ್ಟ್ರು. ಚೀಟಿಯಲ್ಲಿ ಏಳು ವಿಷಯ ಬರೆದುಕೊಂಡು ಬಂದಿದ್ದೇನೆ. ರೋಗ ಹೇಗೆ ಬರುತ್ತದೆ, ಔಷಧ ಏನು ಅನ್ನೋದನ್ನು ಡಾಕ್ಟರುಗಳು ಆಗಲೇ ಹೇಳಿದ್ದಾರೆ. ಇಲ್ಲಿ ಕೂತ ಆಶಾ ಅಕ್ಕಂದಿರಿಗೆ ನನಗಿಂತ ಜಾಸ್ತಿ ಗೊತ್ತು. ನನ್ನದು ಒಂದೇ ತಕರಾರು. ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಅಂತ ಇಡೀ ಓಣಿಗೆ ಗೊತ್ತಿರುತ್ತದೆ. ಪೇಷೆಂಟಿಗೆ ಮಾತ್ರ ಹೇಳಿರುವುದಿಲ್ಲ.

ನಾವೂ ಹಾಗೇ ಮಾಡಿದೆವು. ಅವ್ವನಿಗೆ ಎದೆಯಲ್ಲಿ ಗಂಟು. ಮಗನಾಗಿ ಈ ಮಾತನ್ನು ಹೀಗೆ ನಾಲ್ಕು ಜನರ ಮುಂದೆ ಹೇಳೋಕೆ ನನಗೆ ಎಷ್ಟೋ ದಿನ ಬಾಯಿ ಬರುತ್ತಿರಲಿಲ್ಲ. ನಮ್ಮ ದೇಶದ ಹೆಂಗಸರಿಗೆ ಎಲ್ಲಕ್ಕಿಂತ ಜಾಸ್ತಿ ಬರುವ ಕ್ಯಾನ್ಸರ್ ಇದೇ. ಆದರೂ ಮನೆಯಲ್ಲಿ ಅದಕ್ಕೆ ಹೆಸರಿಲ್ಲ, ಬರೀ "ಗಂಟು". ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಆಮೇಲೆ 21 ದಿನಕ್ಕೊಮ್ಮೆ ಕೀಮೋ. ನಮ್ಮ ಅಕ್ಕ ಅದಕ್ಕೆ "ಶಕ್ತಿ ಇಂಜೆಕ್ಷನ್" ಅಂತ ಹೆಸರಿಟ್ಟಳು. ಶಕ್ತಿ ಇಂಜೆಕ್ಷನ್ ತಗೊಂಡು ಮೂರನೇ ವಾರಕ್ಕೆ ಅವ್ವನ ಕೂದಲು ಬಾಚಣಿಗೆಗೆ ಬಂತು. "ಬೆಂಗಳೂರು ನೀರು ಒಗ್ಗಿಲ್ಲ ಬಿಡವ್ವ" ಅಂದೆವು. ನಗಬೇಡಿ, ನಿಮ್ಮಲ್ಲೂ ಇಂಥ ಶಕ್ತಿ ಇಂಜೆಕ್ಷನ್ ಕೊಡಿಸಿದವರು ಇದ್ದೀರಿ.

ಆದರೆ ಈ ಸುಳ್ಳಿಗೆ ಬೆಲೆ ಇದೆ. ಕೀಮೋ ಆದ ಒಂದೆರಡು ವಾರದಲ್ಲಿ, ಸೋಂಕು ತಡೆಯುವ ರಕ್ತದ ಬಿಳಿ ಕಣ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಸರಿರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಇದನ್ನು ಬರೆದ ಹಾಳೆ ನನ್ನ ಕಿಸೆಯಲ್ಲೇ ಇತ್ತು. ಅವ್ವನಿಗೆ ಹೇಳಿರಲಿಲ್ಲ. ಹೇಳಿದರೆ "ಯಾಕ?" ಅಂತ ಕೇಳುತ್ತಾಳಲ್ಲ! ಅದೇ ಮೊದಲ ಕೀಮೋದ ಹತ್ತನೇ ದಿನ ಅವಳಿಗೆ ಜ್ವರ ಬಂತು. ಎರಡು ದಿನ ಕಷಾಯ ಕುಡಿದು ಕಂಬಳಿ ಹೊದ್ದು ಮಲಗಿದಳು, ಯಾರಿಗೂ ಹೇಳಲಿಲ್ಲ. ಮೂರನೇ ದಿನ ಮಾತು ತೊದಲಿದಾಗ ಜೀಪು ಮಾಡಿಕೊಂಡು ರಾಯಚೂರಿಗೆ ತಂದೆವು. ಉಳಿದಳು. ನಮ್ಮ ಜಾಣತನದಿಂದಲ್ಲ.

ಈಗ ರೈಲಿನ ಕತೆ. ಇದನ್ನು ಹೇಳೋಕೇ ನಾನು ಬಂದಿರೋದು. ಎರಡನೇ ಕೀಮೋಗೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಸ್ಲೀಪರ್. ಕ್ಯಾನ್ಸರ್ ಪೇಷೆಂಟಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೇಷೆಂಟಿಗೆ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಮಾಫಿ. ಟಿಸಿ ಬಂದ. ಟಿಕೆಟ್ ನೋಡಿದ, ಸರ್ಟಿಫಿಕೇಟ್ ಕೇಳಿದ. ನಾನು ಅದನ್ನು ಮಡಚಿದ ಹಾಗೇ ಕೈಗಿಟ್ಟು ಕಣ್ಣಲ್ಲೇ ಬೇಡಿಕೊಂಡೆ. ಅವನಿಗೇನು ಗೊತ್ತು ಪಾಪ. ಹಾಳೆ ಬಿಚ್ಚಿ ಇಡೀ ಬೋಗಿಗೆ ಕೇಳುವ ಹಾಗೆ, "ಕ್ಯಾನ್ಸರ್ ಪೇಷೆಂಟ್ ಯಾರು?" ಅಂದ. ನಾನು ಕಿಟಕಿ ಕಡೆ ಮುಖ ಮಾಡಿದೆ. ಅಕ್ಕ ಚೀಲದಲ್ಲಿ ಏನೋ ಹುಡುಕತೊಡಗಿದಳು. ಅವ್ವ ಸೆರಗು ಸರಿಮಾಡಿಕೊಂಡು, ನಮ್ಮ ಕ್ಲಾಸಿನ ಹುಡುಗರು ಹಾಜರಿ ಹೇಳುವ ಹಾಗೆ ಕೈ ಎತ್ತಿ, "ನಾನಪ್ಪಾ" ಅಂದಳು.

ಅಷ್ಟಕ್ಕೇ ಬಿಡಲಿಲ್ಲ. "ನನಗ ಪೂರಾ ಮಾಫಿ, ನನ್ ಮಗಗ ಯಾಕ ರೊಕ್ಕ ಹಿಡಿದ್ರಿ? ಅವನಿಗೇನ್ ಕಮ್ಮಿ ತ್ರಾಸ ಆಗೇತೇನು?" ಅಂತ ಅವನನ್ನೇ ಕೇಳಿದಳು. ಟಿಸಿ ನಕ್ಕುಬಿಟ್ಟ. ಅಕ್ಕನ ಟಿಕೆಟ್ ಅಂತೂ ಪೂರ್ತಿ ದುಡ್ಡಿನದ್ದು, ಅದನ್ನು ನಾವು ಅವ್ವನಿಗೆ ಹೇಳಲೇ ಇಲ್ಲ.

ಯಾವಾಗ ಗೊತ್ತಾಯ್ತು ಅಂತ ಕೇಳಿದೆ. "ಆ ದವಾಖಾನ್ಯಾಗ ಎಲ್ಲರ ತಲಿನೂ ಬೋಳು ಇತ್ತಲ್ಲೋ. ಎಲ್ಲರಿಗೂ ನೀರು ಒಗ್ಗಿರಲಿಲ್ಲೇನು?" ಅಂದಳು. ಮಂತ್ರಾಲಯಂ ರೋಡ್ ಬಂದಾಗ ರಾಯರಿಗೆ ಕೈ ಮುಗಿದಳು. ಅಲ್ಲಿಂದ ಗುಂತಕಲ್ ದಾಟುವವರೆಗೂ ಮಾತಾಡಿದಳು. ಸಾವಿನ ಮಾತಲ್ಲ. ಎಮ್ಮೆ ಹಾಲು ಯಾರು ಹಿಂಡಬೇಕು. ಪಾಟ್ಲಿ ಯಾವ ಮೊಮ್ಮಗಳಿಗೆ. ಎಡಗೈ ಎತ್ತಿದರೆ ನೋಯುತ್ತದೆ, ಇದನ್ನು ಯಾರಿಗೆ ಹೇಳಬೇಕು. ಸೋದರತ್ತೆ ಅಳೋಕೆ ಬರೋದು ಬೇಡ ಅಂತ ಹೇಗೆ ತಿಳಿಸಬೇಕು. ಇಷ್ಟೆಲ್ಲ ಅವಳು ತಿಂಗಳುಗಟ್ಟಲೆ ಒಬ್ಬಳೇ ಇಟ್ಟುಕೊಂಡಿದ್ದಳು. ಕೇಳುವವರೆಲ್ಲ ಎದುರಿಗೇ ಇದ್ದೆವು, ನಾಟಕ ಆಡಿಕೊಂಡು.

ಸೋದರತ್ತೆ ಅಂದೆನಲ್ಲ, ಅದು ಚೀಟಿಯ ಎರಡನೇ ವಿಷಯ. ಮಾತಾಡಿಸೋಕೆ ಬರುವವರು. ಬಿಸ್ಕೆಟ್ ಪುಡಿಕೆ ಹಿಡಿದು ಬರುತ್ತಾರೆ, ಮಂಚದ ಪಕ್ಕ ಕೂತು ಇದೇ ರೋಗದಲ್ಲಿ ಯಾರ್ಯಾರು ಹೋದರು ಅಂತ ಪಟ್ಟಿ ಓದುತ್ತಾರೆ. ಹೊರಗೆ ಬಂದು ಲೋಟ ಬೇರೆ ಇಟ್ಟಿದ್ದೀರಾ ಅಂತ ಕೇಳುತ್ತಾರೆ. ಮುಟ್ಟಿದರೆ, ಜೊತೆಗೆ ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ ಸ್ವಾಮಿ. ನಮ್ಮ ಪಕ್ಕದ ಮನೆಯಾಕೆ ಒಂದು ದಿನವೂ "ಧೈರ್ಯ ತಗೋ" ಅನ್ನಲಿಲ್ಲ. ಸಂಜೆ ಮಜ್ಜಿಗೆ ಅಂಬಲಿ ತಂದಿಟ್ಟು, ಕೂತು ಸೊಪ್ಪು ಸೋಸಿಕೊಂಡು ಸೊಸೆಯನ್ನು ಬೈಯುತ್ತಿದ್ದಳು. ಅವ್ವ ಸಂಜೆಯಾದರೆ ಅವಳ ದಾರಿ ಕಾಯುತ್ತಿದ್ದಳು.

ಸಂಘಟಕರಿಂದ ಚೀಟಿ ಬಂತು. ಇನ್ನು ಐದೇ ನಿಮಿಷವಂತೆ. ಮೇಷ್ಟ್ರಿಗೆ ಬೆಲ್ ಹೊಡೆಯುವವರು ಎಲ್ಲ ಕಡೆ ಇರುತ್ತಾರೆ, ಅಲ್ವಾ.

ಬೇಗ ಹೇಳುತ್ತೇನೆ. ಊಟ: ಬಾಯಿ ಹುಣ್ಣಾದಾಗ ನಮ್ಮ ಕೆಂಪು ಖಾರ ದೂರ ಇಡಿ, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡಿ, ಉಪ್ಪು-ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಲಿ. ಸುಸ್ತು: ಇದು ಮಲಗಿದರೆ ಹೋಗುವ ಸುಸ್ತಲ್ಲ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಒಳ್ಳೆಯದು. ನೋವು: ಮಾರ್ಫಿನ್ ಅಂದರೆ ಕೊನೆಗಾಲದ ಔಷಧ ಅಂತ ಹೆದರಬೇಡಿ, 2014ರಲ್ಲಿ ಅದರ ಕಾನೂನೂ ಸಡಿಲವಾಗಿದೆ, ಡಾಕ್ಟರ್ ಹತ್ತಿರ ಬಾಯಿ ಬಿಟ್ಟು ಕೇಳಿ. ಹಣ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ, ಹೊಲ ಅಡ ಇಡುವ ಮುಂಚೆ ಅದನ್ನು ನೋಡಿ. ಬೆಂಗಳೂರು ದೂರ ಅನ್ನುವವರಿಗೆ ಕಲಬುರಗಿಯಲ್ಲೂ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಇದೆ. ಏಳನೆಯದು ನೋಡಿಕೊಳ್ಳುವವರು. ನಮ್ಮ ಅಕ್ಕ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅಳುತ್ತಿದ್ದಳು, ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಶಾ ಅಕ್ಕಂದಿರು ಈ ನಂಬರನ್ನು ಪೇಷೆಂಟಿಗಷ್ಟೇ ಅಲ್ಲ, ಆ ಮನೆಯ ಹೆಣ್ಣುಮಕ್ಕಳಿಗೂ ಕೊಡಿ.

ಮುಗಿಸಿದೆ, ಮುಗಿಸಿದೆ. ರೈಲ್ವೆ ರಿಯಾಯಿತಿ ಫಾರಂ ಐವತ್ತು ಜೆರಾಕ್ಸ್ ತಂದು ಬಾಗಿಲ ಹತ್ತಿರ ಇಟ್ಟಿದ್ದೇನೆ. ಆಸ್ಪತ್ರೆಯ ಡಾಕ್ಟರ್ ಸಹಿ, ಸೀಲು ಎರಡೂ ಬೇಕು. ಪೇಷೆಂಟ್ ಹೆಸರು ಬರೆಯುವಾಗ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.